ನಿಮ್ಮ ಸೀಟು ಮೇಲೆ

ಗುರುವಾರ ಬೆಳಿಗ್ಗೆ ಏಳೂವರೆಗೆ ಬಾಲ್ತಜಾರರ ಮೊಬೈಲಿಗೆ ಬಂದ ಧ್ವನಿ ಸಂದೇಶ ಒಟ್ಟು ಆರು ಸೆಕೆಂಡಿನದು. ಅದರಲ್ಲಿ ಎರಡು ಸೆಕೆಂಡು ಯಾವುದೋ ಲಾರಿಯ ಹಾರ್ನು, ಒಂದು ಸೆಕೆಂಡು ಕೆಮ್ಮು. ಉಳಿದ ಮೂರು ಸೆಕೆಂಡಿನಲ್ಲಿ ಮ್ಯಾನೇಜರ್ ಫಾರಿಸ್ ಹೇಳಿದ್ದು ಇಷ್ಟೇ: "ಬಾಲ್ತಜಾರ್, ಇಂತ ಕುರ್ಸಿ ಫೋಗ್. ಗಬ್ಲ್ ಅಸರ್ ಲಾಜಿಮ್. ಯಲ್ಲಾ."

ಇದು ಅರಬರು ತಮ್ಮತಮ್ಮೊಳಗೆ ಆಡುವ ಅರಬಿ ಅಲ್ಲ. ನಮ್ಮವರಿಗೆ, ಬಾಂಗ್ಲಾದವರಿಗೆ, ಫಿಲಿಪಿನೋಗಳಿಗೆ ಸುಲಭವಾಗಲಿ ಎಂದು ಕ್ರಿಯಾಪದಗಳನ್ನೆಲ್ಲ ಕಿತ್ತು, ಮುಳ್ಳು ತೆಗೆದ ಮೀನಿನ ಹಾಗೆ ಬಡಿಸುವ ಅರಬಿ. ಇಪ್ಪತ್ತೆರಡು ವರ್ಷ ಇದನ್ನೇ ಉಂಡು ಬದುಕಿದ ಬಾಲ್ತಜಾರರಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇರಲಿಲ್ಲ. ಇಂತ ಅಂದರೆ ನೀನು. ಕುರ್ಸಿ ಅಂದರೆ ಸೀಟು. ಫೋಗ್ ಅಂದರೆ ಮೇಲೆ. ಅಸರ್ ನಮಾಜಿಗೆ ಮೊದಲು, ಅಂದರೆ ಸಂಜೆ ಮೂರೂ ಮುಕ್ಕಾಲರ ಒಳಗೆ ಎನ್ನಿ, ಆಗಲೇಬೇಕು.

"ಅಯ್ಯೋ ದೇವರೇ, ನಿನ್ನೆ ನೋಡಿಯೇಬಿಟ್ಟಿದ್ದಾನೆ," ಎಂದು ಅವರು ಹಾಸಿಗೆಯಲ್ಲೇ ಎದ್ದು ಕುಳಿತರು.

ಫಾರಿಸ್ ನೋಡಿದ್ದು ಸೈಕಲ್ಲನ್ನು. ರಾಬಿಗ್‌ನ ಸಮುದ್ರ ದಂಡೆಯ ಒಂದು ಕಂಪೆನಿಯಲ್ಲಿ ಬಾಲ್ತಜಾರರು ಬಿಡಿಭಾಗಗಳ ಗೋದಾಮಿನ ಗುಮಾಸ್ತರು. ಯಾವ ವಾಲ್ವು ಯಾವ ಕಪಾಟಿನ ಯಾವ ಖಾನೆಯಲ್ಲಿದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವವರು. ಗೋದಾಮಿನ ಸೂಪರ್‌ವೈಸರ್ ಆಗಿದ್ದ ಆರಡಿ ಎತ್ತರದ ಈಜಿಪ್ಟಿನವರು ಕಳೆದ ತಿಂಗಳು ನಿವೃತ್ತರಾಗಿ ಊರಿಗೆ ಹೋಗಿದ್ದರು. ಅವರ ಜಾಗ ಖಾಲಿ ಇತ್ತು. ಇಡೀ ಗೋದಾಮು ಒಂದೇ ನೋಟಕ್ಕೆ ಕಾಣುವ ಗಾಜಿನ ಕೋಣೆ, ಬಾಗಿಲಿನ ಮೇಲೆ ಹೆಸರಿನ ಫಲಕ. ಆ ಫಲಕದಲ್ಲಿ ತಮ್ಮ ಹೆಸರನ್ನು ಬಾಲ್ತಜಾರರು ದಿನಕ್ಕೆ ಹತ್ತು ಸಲ ಓದಿಕೊಳ್ಳುತ್ತಿದ್ದರು. ಐವತ್ತೆರಡು ವರ್ಷ ಆಗಿತ್ತು. ಈಗ ಸಿಗದಿದ್ದರೆ ಇನ್ನು ಸಿಗುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅರ್ಜಿ ಹಾಕಿದವರು ಇಬ್ಬರೇ. ಒಬ್ಬರು ಬಾಲ್ತಜಾರರು. ಇನ್ನೊಬ್ಬ ಪಕ್ಕದ ಮೇಜಿನ ಆಸ್ಟಿನ್, ಬಂದು ಆರು ವರ್ಷವೂ ಆಗದ ಹುಡುಗ. ಹಾಕಿ ನೋಡುವ ಎಂದು ಹಾಕಿದ್ದ. ಹೆಸರು ಸೂಚಿಸಬೇಕಾದವನು ಫಾರಿಸ್. ಅವನಿಗೆ ಮೂವತ್ತೊಂದು ವರ್ಷ ಮತ್ತು ಸೈಕಲ್ ಹುಚ್ಚು. ತಿಂಗಳಿಗೊಮ್ಮೆ ಸಿಬ್ಬಂದಿಯನ್ನೆಲ್ಲ ಕಟ್ಟಿಕೊಂಡು ಸಮುದ್ರದ ಬದಿಯ ರಸ್ತೆಯಲ್ಲಿ ಹನ್ನೆರಡು ಕಿಲೋಮೀಟರ್ ಸವಾರಿ ಹೋಗುತ್ತಿದ್ದ. ಮ್ಯಾನೇಜರ್ ಸೈಕಲ್ ಹೊಡೆಯುವ ಊರಿನಲ್ಲಿ ಗುಮಾಸ್ತ ನಡೆದುಕೊಂಡು ಹೋದರೆ ಹೆಸರು ಫಲಕಕ್ಕೆ ಏರುವುದುಂಟೆ? ಬಾಲ್ತಜಾರರೂ ಊರಿಗೆ ಹೊರಟ ಒಬ್ಬ ಫಿಲಿಪಿನೋ ಕೈಯಿಂದ ಸೈಕಲ್ ಕೊಂಡರು. ಆ ಮನುಷ್ಯ ಕುಳ್ಳ. ಸೀಟನ್ನು ತುಂಬ ಕೆಳಗೆ ಇಳಿಸಿದ್ದು, ಅಲ್ಲೇ ತುಕ್ಕು ಹಿಡಿದಿತ್ತು.

ನಿನ್ನೆ ಸಂಜೆ ಕ್ವಾರ್ಟರ್ಸಿನ ರಸ್ತೆಯಲ್ಲಿ ಅಭ್ಯಾಸ ಮಾಡುವಾಗ ಬಾಲ್ತಜಾರರ ಮೊಣಕಾಲು ಒಂದಾದ ಮೇಲೊಂದು ಬಂದು ಹೊಟ್ಟೆಗೆ ಗುದ್ದುತ್ತಿತ್ತು. ಅದೇ ಹೊತ್ತಿಗೆ ಫಾರಿಸ್‌ನ ಕಾರು ಪಕ್ಕದಲ್ಲಿ ಹೋಯಿತು. ಅವನು ಕಿಟಕಿ ಇಳಿಸಿ, ನಕ್ಕು, ಒಂದು ಕೈ ಮೇಲೆತ್ತಿದ. ಅದು ಸಲಾಮು ಎಂದುಕೊಂಡಿದ್ದರು. ಈಗ ಗೊತ್ತಾಯಿತು, ಸೀಟು ಮೇಲೆ ಎಂದದ್ದು. ಸವಾರಿ ಇವತ್ತೇ ಸಂಜೆ ನಾಲ್ಕೂಕಾಲಕ್ಕೆ. ತಯಾರಿಗೆಂದೇ ಬಾಲ್ತಜಾರರು ಒಂದು ದಿನ ರಜೆ ಹಾಕಿದ್ದರು.

"ಯಾವ ಸೀಟು ಅಂತ ಒಂದು ಫೋನ್ ಮಾಡಿ ಕೇಳಿ ನೋಡಿ," ಎಂದರು ಹೆಂಡತಿ ಕಾನ್ಸೆಪ್ಟಾ. ಅವರು ಕಂಪೆನಿಯ ಕ್ಲಿನಿಕ್ಕಿನಲ್ಲಿ ನರ್ಸು. ಯಾವ ಕಾಲಿಗೆ ಪಟ್ಟಿ ಎಂದು ಎರಡು ಸಲ ಕೇಳದೆ ಕಟ್ಟಿದವರಲ್ಲ.

"ನನಗೆ ಎಷ್ಟು ಸೀಟು ಉಂಟು? ಒಂದೇ, ಸೈಕಲ್ಲಿನದ್ದು. ಮತ್ತೆ ಅರ್ಜಿಯಲ್ಲಿ ನಾನು ಎಂತ ಬರ್ದದ್ದು? ಅರಬಿ ಭಾಷೆ, ಉತ್ತಮ. ಈಗ ಫೋನ್ ಮಾಡಿ ಮೂರು ಶಬ್ದದ ಅರ್ಥ ಕೇಳಿದ್ರೆ ಉತ್ತಮ ಹೋಗಿ ಏನಾಗ್ತದೆ ಗೊತ್ತುಂಟಾ?"

ಕಾನ್ಸೆಪ್ಟಾ ದೋಸೆ ಮಗುಚಿದರು. ಬಾಲ್ತಜಾರರು ಚಪ್ಪಲಿ ಮೆಟ್ಟಿಕೊಂಡು ಎದುರು ಮನೆಯ ಆಸ್ಟಿನ್‌ನ ಬಾಗಿಲು ಬಡಿದರು. ಕೇಳುವುದಕ್ಕಲ್ಲ, ಸುಮ್ಮನೆ ಖಾತ್ರಿ ಮಾಡಿಕೊಳ್ಳುವುದಕ್ಕೆ.

ಆಸ್ಟಿನ್‌ಗೆ ಅಂದು ಇಕಾಮಾ, ಅಂದರೆ ವಾಸದ ಪರವಾನಗಿಯ ನವೀಕರಣದ ಕೆಲಸವಿದ್ದುದರಿಂದ ಹತ್ತು ಗಂಟೆಗೆ ಡ್ಯೂಟಿ. ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಸಂದೇಶ ಕೇಳಿದ. ಉಗುಳಿ ಬಂದು ಹೇಳಿದ: "ನಿಮ್ಮ ಸೀಟು ಮೇಲೆ. ಅಸರ್‌ಗೆ ಮೊದಲು ಬೇಕೇ ಬೇಕು. ಅಷ್ಟೇ, ಬಾಲ್ತಿ ಅಂಕಲ್."

"ಅದೇ ನಾನೂ ಹೇಳಿದ್ದು. ಮೇಲೆ ಅಂದ್ರೆ ಎಷ್ಟು ಮೇಲೆ, ಮಾರಾಯ?"

ಆಸ್ಟಿನ್‌ನ ಕಣ್ಣು ಹೊಳೆಯಿತು. ಅಳತೆ ಎಂದರೆ ಅವನಿಗೆ ಬಿರಿಯಾನಿಗಿಂತ ಇಷ್ಟ. "ಅದಕ್ಕೆ ಲೆಕ್ಕ ಉಂಟು ಅಂಕಲ್. ಚಪ್ಪಲಿ ತೆಗೆದು ಗೋಡೆಗೆ ಬೆನ್ನು ತಾಗಿಸಿ ನಿಲ್ಲಿ. ಎರಡು ಕಾಲಿನ ಮಧ್ಯೆ ಒಂದು ದಪ್ಪ ಪುಸ್ತಕ ಮೇಲಿನವರೆಗೆ ಒತ್ತಿ ಹಿಡೀರಿ, ಸೀಟಿನಲ್ಲಿ ಕೂತ ಹಾಗೆ. ಪುಸ್ತಕದಿಂದ ನೆಲದವರೆಗೆ ಎಷ್ಟು ಬಂತೋ ಅದನ್ನು ಸೊನ್ನೆ ಬಿಂದು ಎಂಟು ಎಂಟು ಮೂರರಿಂದ ಗುಣಿಸಬೇಕು."

ಪುಸ್ತಕಕ್ಕೆ ಬಾಲ್ತಜಾರರು ಮನೆಗೆ ಓಡಿದರು. ಕೈಗೆ ಸಿಕ್ಕಿದ ದಪ್ಪ ಪುಸ್ತಕ ಹಿಡಿದು ಗೋಡೆಗೆ ನಿಂತದ್ದೇ ತಡ, ಹಿಂದೆಯೇ ಬಂದ ಕಾನ್ಸೆಪ್ಟಾ ಅದನ್ನು ಎಳೆದುಕೊಂಡರು.

"ಇದು ನನ್ನ ಅಡುಗೆ ಪುಸ್ತಕ. ಎಲ್ಲಿ ಇಟ್ಟಿದ್ದೀರಿ ನೋಡಿ ಒಮ್ಮೆ. ನಾಳೆ ಇದರಲ್ಲಿ ನೋಡಿ ನಾನು ಸಾಂಬಾರ್ ಮಾಡಿದ್ರೆ ನೀವು ಉಣ್ತೀರಾ?"

ಕಡೆಗೆ ಪೈಪು ಫಿಟ್ಟಿಂಗಿನ ಕ್ಯಾಟಲಾಗು ಬಂತು. ಎಪ್ಪತ್ತೆಂಟು ಸೆಂಟಿಮೀಟರ್. ಆಸ್ಟಿನ್ ಗುಣಿಸಿ ಅರವತ್ತೊಂಬತ್ತು ಎಂದ. "ಪೆಡಲ್ ಸುತ್ತುವ ನಡುವಿನಿಂದ ಸೀಟಿನ ತಲೆಗೆ ಅರವತ್ತೊಂಬತ್ತು ಬರಬೇಕು. ಇಗೊಳ್ಳಿ ಬಿಚ್ಚಿ ಬಿಗಿಯುವ ಅಲೆನ್ ಕೀ, ನಿಮ್ಮತ್ರವೇ ಇರಲಿ. ನಾನು ಹೊರಟೆ, ನನಗೆ ಹೊತ್ತಾಯ್ತು."

ತುಕ್ಕು ಹಿಡಿದ ಸೀಟಿನ ಕಂಬಿಯನ್ನು ತೆಂಗಿನೆಣ್ಣೆ ಬಿಟ್ಟು ಎಬ್ಬಿಸಲು ಬಾಲ್ತಜಾರರಿಗೆ ಒಂದು ಗಂಟೆ ಹಿಡಿಯಿತು. ಅಷ್ಟರಲ್ಲಿ ನಡುವಿನಿಂದ ಎಂಬ ಮಾತು ಬೆವರಿನ ಜೊತೆ ಇಳಿದುಹೋಗಿ ಪೆಡಲಿನಿಂದ ಎಂಬುದು ಮಾತ್ರ ತಲೆಯಲ್ಲಿ ಉಳಿದಿತ್ತು. ಟೇಪು ಹಿಡಿಯುವಾಗ ಪೆಡಲು ಎಲ್ಲಕ್ಕಿಂತ ಮೇಲಿತ್ತು. ಅಲ್ಲಿಂದ ಅರವತ್ತೊಂಬತ್ತು ಅಳೆದು ಬಿಗಿದರು. ಕಂಬಿಯ ಮೇಲೆ ಇದಕ್ಕಿಂತ ಮೇಲೆ ಎಳೆಯಬೇಡಿ ಎಂದು ಸಣ್ಣಕ್ಷರದಲ್ಲಿ ಬರೆದದ್ದು ಕನ್ನಡಕವಿಲ್ಲದ ಕಣ್ಣಿಗೆ ಕಂಪೆನಿಯ ಹೆಸರಿನಂತೆ ಕಂಡಿತು.

ಸೀಟು ಈಗ ಇರಬೇಕಾದಲ್ಲಿಂದ ಒಂದು ಗೇಣು ಮೇಲಿತ್ತು. ಆದರೆ ಮ್ಯಾನೇಜರ್ ಹೇಳಿದ್ದೇ ಮೇಲೆ ಎಂದಲ್ಲವೇ? ಬಾಲ್ತಜಾರರು ಮೆಟ್ಟಿಲ ಬದಿಯ ಕಟ್ಟೆ ಹತ್ತಿ, ಅಲ್ಲಿಂದ ಸೀಟಿಗೆ ಕಾಲು ದಾಟಿಸಿ ಕುಳಿತರು. ಮೊಬೈಲನ್ನು ಹ್ಯಾಂಡಲಿನ ಹೋಲ್ಡರಿಗೆ ಸಿಕ್ಕಿಸಿ ಒಂದು ತಳ್ಳು ತಳ್ಳಿದರು. ಸೈಕಲ್ ಹೊರಟಿತು. ಗಾಳಿ ಮುಖಕ್ಕೆ ಬಡಿಯಿತು. ಪಕ್ಕದ ಮನೆಗಳ ಹಿತ್ತಿಲಲ್ಲಿ ಏನೇನು ಒಣಹಾಕಿದ್ದಾರೆ ಎಂಬುದೆಲ್ಲ ಕಂಡಿತು. ಮೊದಲ ಸುತ್ತು ಬಹಳ ಚೆನ್ನಾಗಿತ್ತು.

ಎರಡನೆಯ ಸುತ್ತಿನಲ್ಲಿ ನಿಲ್ಲಿಸಬೇಕು ಅನ್ನಿಸಿತು. ಆಗ ಗೊತ್ತಾದದ್ದು, ಕಾಲು ನೆಲದ ಹತ್ತಿರಕ್ಕೂ ಹೋಗುವುದಿಲ್ಲ ಎಂದು. ಪೆಡಲು ಕೆಳಗೆ ಹೋದಾಗ ಬೆರಳ ತುದಿಯೂ ತಾಗದೆ, ಅದನ್ನು ಹಿಡಿಯಲು ಸೊಂಟ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಜಾರುತ್ತಿತ್ತು. ಜಾರಿದಷ್ಟು ಸಲವೂ ಸೀಟು ಉಜ್ಜಬಾರದ ಕಡೆ ಉಜ್ಜುತ್ತಿತ್ತು. ಬ್ರೇಕು ಹಿಡಿದರೆ ಮಗುಚಿ ಬೀಳುವುದು ಖಂಡಿತ. ಮೂರನೆಯ ಸುತ್ತಿಗೆ ಕಟ್ಟೆ ಹತ್ತಿರ ಬಂದಾಗ, ಕ್ಲಿನಿಕ್ಕಿಗೆ ಹೊರಟು ನಿಂತಿದ್ದ ಕಾನ್ಸೆಪ್ಟಾ ಕಂಡರು.

"ಹಿಡಿ, ಹಿಡಿ," ಎಂದು ಬಾಲ್ತಜಾರರು ಕೂಗಿದರು.

"ಎಂತದು ಹಿಡಿಯುವುದು?" ಎಂದು ಅವರು ಕೇಳಿ ಮುಗಿಸುವಷ್ಟರಲ್ಲಿ ಸೈಕಲ್ಲು ದಾಟಿಹೋಗಿತ್ತು. "ಆಸ್ಟಿನ್ ಬೇಕಂತಲೇ ತಪ್ಪು ಲೆಕ್ಕ ಕೊಟ್ಟಿರ್ಬೇಕು. ಅವನಿಗೂ ಅದೇ ಜಾಗ ಬೇಕಲ್ಲ," ಎಂದು ಅವರು ಹಿಂದಿನಿಂದ ಹೇಳಿದ್ದು ಮಾತ್ರ ಗಾಳಿಯಲ್ಲಿ ಕೇಳಿಸಿತು. ಆ ಮಾತು ಬಾಲ್ತಜಾರರ ಮನಸ್ಸಿಗೆ ಮುಳ್ಳಿನ ಹಾಗೆ ನಾಟಿತು.

ನಾಲ್ಕನೆಯ ಸುತ್ತು ಆಗಲಿಲ್ಲ. ಗೇಟಿನ ಬಳಿಯ ಬಕಾಲಾ ಅಂಗಡಿಯ ಮುಂದೆ ಆಗತಾನೆ ಬಂದ ಬಿಸಿ ಖುಬ್ಬೂಸ್ ರೊಟ್ಟಿಗಳ ಬುಟ್ಟಿಗಳನ್ನು ಒಂದರ ಮೇಲೊಂದು ಇಟ್ಟಿದ್ದರು. ಬೀಳುವುದೇ ಆದರೆ ಮೆತ್ತಗಿರುವಲ್ಲಿ ಬೀಳುವ ಎಂದು ಬಾಲ್ತಜಾರರು ಹ್ಯಾಂಡಲ್ ತಿರುಗಿಸಿದರು.

ಅಂಗಡಿಯ ಮೂಸಬ್ಬ ಓಡಿಬಂದು ಅವರನ್ನು ರೊಟ್ಟಿಗಳೊಳಗಿಂದ ಬಿಡಿಸಿದರು. ಉಪ್ಪಿನಂಗಡಿ ಕಡೆಯವರು, ಪ್ರಾಯದಲ್ಲಿ ಒಣಮೀನಿನ ಬುಟ್ಟಿ ಕಟ್ಟಿಕೊಂಡು ಸೈಕಲ್ಲಿನಲ್ಲಿ ಊರೂರು ಸುತ್ತಿದವರು. ಸೀಟನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಪೊರ್ಬುಗಳೇ, ಇದು ಸೈಕಲ್ಲಾ, ತೆಂಗಿನ ಮರವಾ? ಹತ್ತಿದವರು ಇಳೀಲಿಕ್ಕೆ ಏಣಿ ಬೇಕಲ್ಲ," ಎಂದರು, ಊರಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆಯೇ.

"ಮ್ಯಾನೇಜರ್ ಹೇಳಿದ್ದು, ಬ್ಯಾರಿಗಳೇ. ಸೀಟು ಮೇಲೆ ಅಂತ."

"ಮ್ಯಾನೇಜರ್ ಒಣಮೀನು ಮಾರಿದ್ದಾನಾ? ನಾನು ಮಾರಿದ್ದೇನೆ. ಸೈಕಲ್ ನಿಂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರ್ಬೇಕು. ಅದೊಂದೇ ಲೆಕ್ಕ. ಕೊಡಿ ಆ ಕೀ."

ಬಾಲ್ತಜಾರರು ಬೇಡ ಬೇಡ ಎನ್ನುತ್ತಿರುವಂತೆಯೇ ಮೂಸಬ್ಬ ಸೈಕಲ್ಲನ್ನು ಅಂಗಡಿಯೊಳಗೆ ತಳ್ಳಿಕೊಂಡು ಹೋಗಿ ಸೀಟನ್ನು ಸರಸರನೆ ಇಳಿಸಿದರು. ಎಲ್ಲಿಯವರೆಗೆ ಎಂದರೆ, ಫಿಲಿಪಿನೋ ಇಟ್ಟ ಜಾಗಕ್ಕಿಂತಲೂ ಒಂದು ಬೆರಳು ಕೆಳಗೆ. "ಕೂತು ನೋಡಿ, ಸಿಂಹಾಸನ," ಎಂದರು. ಕೂತರೆ ಮೊಣಕಾಲು ಎದೆಗೇ ಬಂತು. ಮೇಲೆ ಆಗಬೇಕಾದ ಸೀಟು ಮೊದಲಿದ್ದಲ್ಲಿಗಿಂತ ಕೆಳಗೆ ಹೋಗಿತ್ತು. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು.

"ಬ್ಯಾರಿಗಳೇ, ನನ್ನ ಪ್ರಮೋಶನ್ ಹೋಗ್ತದೆ. ಕೀ ಕೊಡಿ ಇಲ್ಲಿ."

ಅಷ್ಟರಲ್ಲಿ ಮಸೀದಿಯಿಂದ ಬಾಂಗು ಕೇಳಿತು. ಮೂಸಬ್ಬ ಅಂಗಿಯ ತೋಳು ಮಡಚುತ್ತಾ ಬಾಲ್ತಜಾರರನ್ನು ಮೆಲ್ಲಗೆ ಹೊರಗೆ ದಾಟಿಸಿ ಶಟರ್ ಎಳೆದರು. "ನಮಾಜು, ಆಮೇಲೆ ಊಟ, ಆಮೇಲೆ ಒಂದು ಸಣ್ಣ ಕಣ್ಣು ಮುಚ್ಚುವುದು. ಎರಡು ಗಂಟೆಗೆ ಬನ್ನಿ," ಎಂದು ಹೊರಟೇಬಿಟ್ಟರು. ಸೈಕಲ್ ಒಳಗೆ. ಅದರ ಹ್ಯಾಂಡಲಿನಲ್ಲಿ ಮೊಬೈಲು. ಅಲೆನ್ ಕೀ ಮೂಸಬ್ಬರ ಕಿಸೆಯಲ್ಲಿ.

ಬಾಲ್ತಜಾರರು ಶಟರಿನ ಮುಂದೆ ನಿಂತರು. ಐದು ನಿಮಿಷಕ್ಕೆ ಒಳಗಿನಿಂದ ಅವರ ಮೊಬೈಲು ರಿಂಗಾಗತೊಡಗಿತು. ನಿಂತಿತು. ಪುನಃ ರಿಂಗಾಯಿತು. ಒಂದೂವರೆಯೊಳಗೆ ನಾಲ್ಕು ಸಲ.

ಇದು ಫಾರಿಸ್ ಅಲ್ಲದೆ ಇನ್ಯಾರೂ ಅಲ್ಲ, ಸೀಟು ಏರಿತೋ ಇಲ್ಲವೋ ಎಂದು ಕೇಳುತ್ತಿದ್ದಾನೆ ಎಂದು ಬಾಲ್ತಜಾರರಿಗೆ ಖಚಿತವಾಯಿತು. ಒಂದು ಸೈಕಲ್ ಸೀಟಿಗೆ ಇಷ್ಟು ಕಾಳಜಿ ಮಾಡುವ ಮ್ಯಾನೇಜರ್ ಸಿಗಬೇಕಾದರೆ ಪುಣ್ಯ ಬೇಕು. ಸಂತೋಷದಿಂದ ಅವರ ಕಣ್ಣು ಒದ್ದೆಯಾಯಿತು. ಅದರ ಹಿಂದೆಯೇ ಹೆದರಿಕೆಯೂ ಆಯಿತು. ಶಟರಿಗೆ ಬಾಯಿ ಹತ್ತಿರ ತಂದು, "ಬಂದೆ ಮುದೀರ್, ಬಂದೆ," ಎಂದು ಮೊಬೈಲಿಗೆ ಸಮಾಧಾನ ಹೇಳಿದರು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿ, ಏನೂ ಕೇಳದೆ ಮುಂದೆ ಹೋದರು.

ಎರಡು ಗಂಟೆಗೆ ಮೂಸಬ್ಬ ಬಂದರು. ಜೊತೆಗೆ ಸೊಸೆ ಸಮೀಹಾ. ಅವಳು ಮಂಗಳೂರಿನಲ್ಲಿ ಫಿಸಿಯೋಥೆರಪಿ ಕಲಿತವಳು. ಇಲ್ಲಿಯ ಲೈಸೆನ್ಸ್ ಪರೀಕ್ಷೆಗೆ ಓದುತ್ತಾ ಮಧ್ಯಾಹ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದಳು.

"ನಮ್ಮ ಸೊಸೆ ಮೊಣಕಾಲಿನ ಡಾಕ್ಟರು," ಎಂದರು ಮೂಸಬ್ಬ.

"ಡಾಕ್ಟರಲ್ಲ ಮಾವ, ಫಿಸಿಯೋ." ಅವಳು ಸೈಕಲ್ ನೋಡಿದಳು, ಕುಂಟುತ್ತಿದ್ದ ಬಾಲ್ತಜಾರರನ್ನು ನೋಡಿದಳು. "ಬೆಳಿಗ್ಗೆ ತುಂಬ ಮೇಲಿತ್ತು, ಅದಕ್ಕೆ ಸೊಂಟ ಜಾರಿ ಉಜ್ಜಿದೆ. ಈಗ ತುಂಬ ಕೆಳಗುಂಟು, ಹೀಗೆ ಹೋದ್ರೆ ಮೊಣಕಾಲು ಹೋಗ್ತದೆ. ಅಂಕಲ್, ಗೋಡೆ ಹಿಡ್ಕೊಂಡು ಕೂತ್ಕೊಳ್ಳಿ. ಪೆಡಲನ್ನು ಪೂರಾ ಕೆಳಗೆ ತನ್ನಿ. ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗೆ ಆಗ್ಬೇಕು, ಆದರೆ ಸೊಂಟ ವಾಲಬಾರ್ದು. ಮಾವ, ಸ್ವಲ್ಪ ಮೇಲೆ ಮಾಡಿ. ಇನ್ನೂ ಸ್ವಲ್ಪ."

"ಎರಡೂ ಪಾದ ನೆಲಕ್ಕೆ…" ಎಂದು ಮೂಸಬ್ಬ ಶುರುಮಾಡಿದರು.

"ಮಾವ, ಮೀನು ಮಾರ್ಲಿಕ್ಕೆ ಅದು ಸರಿ. ಮನೆಮನೆಗೆ ಇಳೀಬೇಕಲ್ಲ. ಹನ್ನೆರಡು ಕಿಲೋಮೀಟರ್ ಓಡಿಸ್ಲಿಕ್ಕೆ ಇದು ಸರಿ. ಅಂಕಲ್, ಈಗ ಹಿಮ್ಮಡಿ ತೆಗೆದು ಮುಂಗಾಲು ಇಡಿ. ಮೊಣಕಾಲು ಚೂರು ಬಗ್ಗಿದೆಯಾ? ಆಯ್ತು, ಬಿಗಿ ಮಾಡಿ."

ಮೂಸಬ್ಬ ಬಿಗಿದರು. ಬಾಲ್ತಜಾರರು ಟೇಪು ತೆಗೆದು, ಈ ಸಲ ಕನ್ನಡಕ ಹಾಕಿಕೊಂಡು, ಪೆಡಲ್ ಸುತ್ತುವ ನಡುವಿನಿಂದ ಅಳೆದರು. ಸರಿಯಾಗಿ ಅರವತ್ತೊಂಬತ್ತು. ಆಸ್ಟಿನ್‌ನ ಲೆಕ್ಕದಲ್ಲಿ ಒಂದು ಕೂದಲೆಳೆಯ ತಪ್ಪೂ ಇರಲಿಲ್ಲ. ಪಾಪದ ಹುಡುಗನ ಮೇಲೆ ಸಂಶಯಪಟ್ಟೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಆಮೇಲೆ ಅವರು ರಸ್ತೆಗೆ ಇಳಿದರು. ಇಪ್ಪತ್ತೆರಡು ವರ್ಷದಲ್ಲಿ ರಾಬಿಗ್ ಅವರಿಗೆ ಹೀಗೆ ಕಂಡದ್ದಿಲ್ಲ. ಮೊಣಕಾಲು ಹೊಟ್ಟೆಯ ಗೊಡವೆಗೆ ಬರಲಿಲ್ಲ. ಸೊಂಟ ಇದ್ದಲ್ಲೇ ಇತ್ತು. ಒಂದು ತುಳಿದರೆ ಮೂರು ತುಳಿದಷ್ಟು ದೂರ ಹೋಗುತ್ತಿತ್ತು. ಬೆಳಗಿನ ಉರಿ ಕೂಡ ಮರೆತುಹೋಯಿತು. ಜನವರಿಯ ಬಿಸಿಲು ಹಿತವಾಗಿತ್ತು. ಗೇಟಿನ ಕಾವಲುಗಾರನಿಗೆ ಒಂದು ಕೈ ಬಿಟ್ಟು ಸಲಾಮು ಮಾಡಿದರು. ಐವತ್ತೆರಡನೆಯ ವಯಸ್ಸಿನಲ್ಲಿ ಒಂದು ಕೈ ಬಿಟ್ಟು.

ಎರಡೂ ಮುಕ್ಕಾಲಿಗೆ ಸೈಕಲ್ ನಿಲ್ಲಿಸಿ, ಎದೆ ಉಬ್ಬಿಸಿ ಫಾರಿಸ್‌ಗೆ ಧ್ವನಿ ಸಂದೇಶ ಕಳಿಸಿದರು. ನಾಲ್ಕು ಸಲ ಫೋನ್ ಮಾಡಿದ ಮನುಷ್ಯನನ್ನು ಕಾಯಿಸಬಾರದಲ್ಲ. ಭಾಷೆಯೂ ಅರ್ಜಿಯಲ್ಲಿ ಬರೆದಷ್ಟೇ ಉತ್ತಮವಾಗಿತ್ತು: "ಮುದೀರ್, ಅನಾ ಕುರ್ಸಿ ಫೋಗ್. ಖಲಾಸ್. ಮಿಯ್ಯಾ ಮಿಯ್ಯಾ." ಮ್ಯಾನೇಜರೇ, ನನ್ನ ಸೀಟು ಮೇಲೆ, ಮುಗಿಯಿತು, ನೂರಕ್ಕೆ ನೂರು.

ಅರೆ ನಿಮಿಷದಲ್ಲಿ ಉತ್ತರ ಬಂತು. ಒಂದು ಹೆಬ್ಬೆರಳು, ಮೂರು ಹೂವು.

ಹೂವು ಕಂಡ ಮೇಲೆ ಬಾಲ್ತಜಾರರಿಗೆ ತಡೆಯಲಾಗಲಿಲ್ಲ. ಈ ಸಂತೋಷದಲ್ಲಿ ಆಸ್ಟಿನ್‌ಗೂ ಪಾಲು ಕೊಡಬೇಕು, ಮನಸ್ಸಿನಲ್ಲೇ ಬೈದದ್ದಕ್ಕೆ ಮನಸ್ಸಿನಲ್ಲೇ ಕ್ಷಮೆಯನ್ನೂ ಕೇಳಬೇಕು. ಗೋದಾಮಿನ ಒಳಗೆ ಮೊಬೈಲ್ ಒಯ್ಯುವ ಹಾಗಿಲ್ಲ. ಅಲ್ಲಿಯ ಲ್ಯಾಂಡ್‌ಲೈನಿಗೆ ಹಚ್ಚಿದರು. ಬಹಳ ಹೊತ್ತು ರಿಂಗಾಗಿ, ಇನ್ನೇನು ಕಡಿಯಬೇಕು ಎನ್ನುವಾಗ ಆಸ್ಟಿನ್ ಎತ್ತಿದ. ಏದುಸಿರು ಬಿಡುತ್ತಿದ್ದ.

"ಹಲೋ, ಓಡಿ ಬಂದೆ. ಇಲ್ಲಿ ಯಾರೂ ಇಲ್ಲ. ಎಂತ ಅಂಕಲ್, ಅರ್ಜೆಂಟಾ?"

"ಅರ್ಜೆಂಟ್ ಎಂತದ್ದೂ ಇಲ್ಲ. ನಿನ್ನ ಲೆಕ್ಕ ಸರಿ ಬಂತು, ಪುತಾ. ಅದೊಂದು ದೊಡ್ಡ ಕತೆ. ನಿಂತು ಕೇಳುವಂಥದ್ದಲ್ಲ. ಕೂತ್ಕೊ ನೀನು."

"ಪರ್ವಾಗಿಲ್ಲ, ಹೇಳಿ."

"ಕೂತ್ಕೊ ಮಾರಾಯ. ಕೂತೆಯಾ?"

ಒಂದು ಕಿರ್ ಎಂಬ ಶಬ್ದ ಕೇಳಿತು. "ಕೂತೆ," ಎಂದ ಆಸ್ಟಿನ್.

ಬಾಲ್ತಜಾರರು ಕ್ಯಾಟಲಾಗಿನಿಂದ ಶುರುಮಾಡಿ ಖುಬ್ಬೂಸಿನವರೆಗೆ ಒಂದನ್ನೂ ಬಿಡದೆ ಹೇಳಿದರು. ಆಸ್ಟಿನ್ ಬಿದ್ದು ಬಿದ್ದು ನಕ್ಕ. ಶಟರಿನ ಪ್ರಕರಣ ಅರ್ಧವಾಗಿತ್ತು, ಅಷ್ಟರಲ್ಲಿ ಅವನ ದನಿ ತಗ್ಗಿತು. "ಅಂಕಲ್, ಯಾರೋ ಬಂದ್ರು, ಸೂಟು ಹಾಕಿದವರು. ಮತ್ತೆ ಮಾತಾಡ್ತೇನೆ," ಎಂದು ಇಟ್ಟುಬಿಟ್ಟ. ಉಳಿದ ಕತೆಯನ್ನು ಬಾಲ್ತಜಾರರು ರಾತ್ರಿಗೆ ಇಟ್ಟುಕೊಂಡರು.

ನಾಲ್ಕೂಕಾಲಕ್ಕೆ ಸಮುದ್ರದ ಬದಿಯಲ್ಲಿ ಐವತ್ತು ಅರುವತ್ತು ಸೈಕಲ್ಲುಗಳು ಸೇರಿದ್ದವು. ಕಾನ್ಸೆಪ್ಟಾ ಡ್ಯೂಟಿ ಮುಗಿಸಿ ನೀರಿನ ಬಾಟಲಿ ಹಿಡಿದುಕೊಂಡು ಬಂದಿದ್ದರು. ಬಾಲ್ತಜಾರರು ಎಲ್ಲರಿಗಿಂತ ಮುಂದೆ, ಸೀಟು ಚೆನ್ನಾಗಿ ಕಾಣುವ ಹಾಗೆ ಸೈಕಲ್ಲನ್ನು ಸ್ವಲ್ಪ ಓರೆ ಮಾಡಿ ನಿಂತಿದ್ದರು. ಫಾರಿಸ್ ಹೆಲ್ಮೆಟ್ ಹಾಕಿಕೊಂಡು ಬಂದ. ಇವರನ್ನು ಕಂಡು ನಿಂತ. ಅವನ ಮುಖದಲ್ಲಿ ಹೂವು ಇರಲಿಲ್ಲ.

"ಬಾಲ್ತಜಾರ್, ವೇನ್ ಇಂತ? ಕುರ್ಸಿ ಫೋಗ್, ಇಂತ ತಹತ್. ಲೇಶ್?"

ನೀನು ಎಲ್ಲಿದ್ದೆ, ಸೀಟು ಮೇಲೆ, ನೀನು ಕೆಳಗೆ, ಯಾಕೆ ಎಂದು ಅವನು ಕೇಳುತ್ತಿದ್ದ. ಬಾಲ್ತಜಾರರು ನಕ್ಕರು. ಹೌದಲ್ಲ, ಇನ್ನೂ ಹತ್ತಿ ಕೂತಿಲ್ಲವಲ್ಲ. ಟಕ್ಕನೆ ಸೀಟೇರಿ, ಮುಂಗಾಲು ಪೆಡಲಿನ ಮೇಲಿಟ್ಟು, ಚೂರು ಬಗ್ಗಿದ ಮೊಣಕಾಲನ್ನು ತಟ್ಟಿ ತೋರಿಸಿದರು. "ಮುದೀರ್, ಶೂಫ್. ಕುರ್ಸಿ ಫೋಗ್."

ಫಾರಿಸ್ ಸೀಟನ್ನು ನೋಡಿದ. ಬಾಲ್ತಜಾರರನ್ನು ನೋಡಿದ. ಪುನಃ ಸೀಟನ್ನು ನೋಡಿದ. ಅವನಿಗೆ ನಿಧಾನವಾಗಿ ಅರ್ಥವಾಯಿತು. ಮೊದಲು ಹ್ಯಾಂಡಲ್ ಹಿಡಿದುಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ನಗು ನಿಂತು, ಬಾಲ್ತಜಾರರ ಹೆಗಲ ಮೇಲೆ ಕೈ ಇಟ್ಟು, ಅರಬಿ, ಹಿಂದಿ, ಇಂಗ್ಲಿಷು ಮೂರನ್ನೂ ಸೇರಿಸಿ, ಈ ಸಲ ಕ್ರಿಯಾಪದ ಸಮೇತ ಹೇಳಿದ.

ರಿಯಾದಿನ ಒಲಾಯಾದಲ್ಲಿರುವ ಹೆಡ್ಡಾಫೀಸಿನಿಂದ ದೊಡ್ಡ ಸಾಹೇಬರು ಇವತ್ತೊಂದು ದಿನಕ್ಕೆ ಬಂದಿದ್ದರು. ಸೂಪರ್‌ವೈಸರ್ ಹುದ್ದೆಗೆ ಫಾರಿಸ್ ಬಾಲ್ತಜಾರರ ಹೆಸರನ್ನೇ ಸೂಚಿಸಿದ್ದ. ಸಾಹೇಬರು, ಮನುಷ್ಯನನ್ನು ಕುರ್ಚಿಯಲ್ಲಿ ಕೂತದ್ದು ನೋಡಿದ ಮೇಲೆಯೇ ಸಹಿ ಹಾಕುವುದು ಎಂದಿದ್ದರು. ಗೋದಾಮಿನ ಮೆಟ್ಟಿಲು ಹತ್ತಿದರೆ ಮೇಲೆ ಗಾಜಿನ ಕೋಣೆ, ಅದರಲ್ಲಿ ಕುರ್ಚಿ. ನಿನ್ನ ಕುರ್ಚಿ ಮೇಲೆ ಇದೆ, ಅಸರ್‌ಗೆ ಮೊದಲು ಬಂದು ಕೂತಿರು ಎಂದೇ ಬೆಳಿಗ್ಗೆ ಹೇಳಿದ್ದು. ರಜೆಯಿದ್ದರೂ ಓಡಿ ಬರುತ್ತಾನೆ ಎಂದುಕೊಂಡಿದ್ದ. ನಾಲ್ಕು ಸಲ ಫೋನ್ ಮಾಡಿದ. ಎರಡೂ ಮುಕ್ಕಾಲಿಗೆ ಕುರ್ಸಿ ಫೋಗ್, ಖಲಾಸ್ ಎಂದು ಬಾಲ್ತಜಾರರೇ ಹೇಳಿದ್ದು ಕೇಳಿ ಸಮಾಧಾನವಾಗಿ, ಮೇಲೆ ಹೋಗಿ ನೋಡಿ, ನನ್ನ ಮನುಷ್ಯ ಕೂತಿದ್ದಾನೆ ಎಂದು ಸಾಹೇಬರನ್ನು ಒಬ್ಬರನ್ನೇ ಕಳಿಸಿದ. ಮೂರು ಗಂಟೆಗೆ ಅವರು ಹೋದಾಗ ಕುರ್ಚಿಯಲ್ಲಿ ಒಬ್ಬ ಹುಡುಗ ಕೂತು, ನಗುನಗುತ್ತಾ ಫೋನಿನಲ್ಲಿ ಮಾತಾಡುತ್ತಿದ್ದನಂತೆ. ಹೆಸರು ಕೇಳಿ ಬರೆದುಕೊಂಡರು. ಸಹಿ ಹಾಕಿ ವಿಮಾನಕ್ಕೆ ಹೊರಟರು.

"ಆಸ್ಟಿನ್," ಎಂದರು ಬಾಲ್ತಜಾರರು. ಗೋದಾಮಿನ ಲ್ಯಾಂಡ್‌ಲೈನ್ ಇರುವುದು ಗಾಜಿನ ಕೋಣೆಯ ಮೇಜಿನ ಮೇಲೆ ಎಂಬುದು ಅವರಿಗೆ ಈಗ ನೆನಪಾಯಿತು. ಆ ಕಿರ್ ಎಂಬ ಶಬ್ದ ಯಾವ ಕುರ್ಚಿಯದು ಎಂದೂ ಗೊತ್ತಾಯಿತು. ಬೇಡ ಎಂದವನನ್ನು ಕೂತ್ಕೊ ಮಾರಾಯ ಎಂದು ಕೂರಿಸಿದವರು ತಾವೇ.

"ಸಹಿ ಖಲಾಸ್. ಮಾಲೇಶ್," ಎಂದ ಫಾರಿಸ್, ಹೋಗಲಿ ಬಿಡು ಎನ್ನುವ ಹಾಗೆ. ಅವನಿಗೂ ನಿಜವಾಗಿ ಬೇಜಾರಾಗಿತ್ತು.

ಕಾನ್ಸೆಪ್ಟಾ ಎಲ್ಲವನ್ನೂ ಕೇಳಿಸಿಕೊಂಡು ಹತ್ತಿರ ಬಂದರು. ನಾನು ಬೆಳಿಗ್ಗೆಯೇ ಹೇಳಿದ್ದೆ ಎಂದು ಹೇಳುತ್ತಾರೆ ಎಂದು ಬಾಲ್ತಜಾರರು ಕಾದರು. ಅವರು ಬಾಟಲಿಯ ಮುಚ್ಚಳ ತೆಗೆದು ಕೈಗೆ ಕೊಟ್ಟರು. ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಬಂದದ್ದಕ್ಕೆ ಬಾಲ್ತಜಾರರು ಹನ್ನೆರಡು ಕಿಲೋಮೀಟರನ್ನೂ ಮುಗಿಸಿದರು. ಮೊಣಕಾಲು ನೋಯಲಿಲ್ಲ, ಸೊಂಟ ನೋಯಲಿಲ್ಲ, ಬೆನ್ನು ನೋಯಲಿಲ್ಲ. ಇಷ್ಟು ಸುಖದ ಸೀಟು ಇಡೀ ಗುಂಪಿನಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ಅದರ ಮೇಲೆ ಕೂತು ಅವರು ಅಳು ಬರುವುದನ್ನು ತಡೆದುಕೊಂಡು ತುಳಿದರು.

ಭಾನುವಾರ ಬೆಳಿಗ್ಗೆ ಗೋದಾಮಿಗೆ ಹೋದಾಗ ಗಾಜಿನ ಕೋಣೆಯ ಬಾಗಿಲ ಮೇಲಿನ ಫಲಕ ಬದಲಾಗಿತ್ತು. ಬಾಲ್ತಜಾರರು ಅತ್ತ ನೋಡದೆ ತಮ್ಮ ಹಳೆಯ ಕುರ್ಚಿಯಲ್ಲಿ, ಗುರುವಾರದ ಗಾಯ ತಾಗದ ಹಾಗೆ ಒಂದು ಬದಿಗೆ ವಾಲಿ ಕುಳಿತರು. ಹತ್ತು ನಿಮಿಷಕ್ಕೆ ಮೇಲಿನಿಂದ ಆಸ್ಟಿನ್ ತಲೆ ಹಾಕಿದ. ಗುರುವಾರದಿಂದ ನಾಲ್ಕು ಸಲ ಕ್ಷಮೆ ಕೇಳಿದ್ದ ಹುಡುಗನಿಗೆ ಐದನೆಯ ಸಲ ಕರೆಯಲು ಬಹಳ ಸಂಕೋಚವಾಗುತ್ತಿತ್ತು.

"ಬಾಲ್ತಿ ಅಂಕಲ್, ಬೇಜಾರ್ ಮಾಡ್ಬೇಡಿ. ಆ ಈಜಿಪ್ಟಿನವರ ಅಳತೆಯ ಕುರ್ಚಿ ಇದು, ನನ್ನ ಕಾಲು ನೆಲಕ್ಕೆ ಎಟಕುವುದಿಲ್ಲ. ಏರಿಸಿ ಇಳಿಸುವ ಹಿಡಿಕೆಯೂ ತುಂಡಾಗಿದೆ. ನನ್ನ ಅಲೆನ್ ಕೀ ನಿಮ್ಮತ್ರ ಉಂಟಲ್ಲ? ಈ ಸೀಟಿನ ವಿಷಯ ನಿಮ್ಮಷ್ಟು ಗೊತ್ತಿರುವವರು ಇಲ್ಲಿ ಬೇರೆ ಯಾರೂ ಇಲ್ಲ."

ಅದು ನಿಜವೇ ಆಗಿತ್ತು. ಬಾಲ್ತಜಾರರು ಕಿಸೆ ತಡವಿ ನೋಡಿದರು. ಕೀ ಇತ್ತು. ಮೆಟ್ಟಿಲು ಹತ್ತಿ ಗಾಜಿನ ಕೋಣೆಗೆ ಹೋದರು. ಇಡೀ ಗೋದಾಮು ಒಂದೇ ನೋಟಕ್ಕೆ ಕಾಣುತ್ತಿತ್ತು. ಅವರು ಅದನ್ನು ಒಮ್ಮೆ ನೋಡಿ, ಮೊಣಕಾಲೂರಿ, ಕುರ್ಚಿಯ ಅಡಿಗೆ ತಲೆ ಹಾಕಿದರು.

"ಹಿಮ್ಮಡಿ ಊರು ನೋಡುವ. ಸೊಂಟ ವಾಲಬಾರ್ದು. ಈಗ ಹೇಗೆ?"

"ಸ್ವಲ್ಪ ಕೆಳಗಾಯ್ತು ಅಂಕಲ್."

ಬಾಲ್ತಜಾರರು ಕೀ ಹಿಂದಕ್ಕೆ ತಿರುಗಿಸಿ ಒಂದು ಬೆರಳು ಎತ್ತಿದರು. "ಅಬ್ಬಾ, ಈಗ ಸುಖ ಆಯ್ತು," ಎಂದು ಆಸ್ಟಿನ್ ಹಿಂದಕ್ಕೆ ಒರಗಿದ. ಅಷ್ಟರಲ್ಲಿ ಆ ದಾರಿಯಾಗಿ ಹೋಗುತ್ತಿದ್ದ ಫಾರಿಸ್ ಬಾಗಿಲಲ್ಲಿ ಇಣುಕಿ ನೋಡಿದ. ಕುರ್ಚಿಯ ಹಿಂದೆ ಎರಡು ಕಾಲು ಮಾತ್ರ ಕಂಡರೂ ಯಾರದೆಂದು ಅವನಿಗೆ ಗೊತ್ತಾಯಿತು.

"ಬಾಲ್ತಜಾರ್, ಕುರ್ಸಿ ಫೋಗ್?" ಎಂದು ಕೇಳಿದ.

"ಫೋಗ್, ಮುದೀರ್," ಎಂದು ಬಾಲ್ತಜಾರರು ಕುರ್ಚಿಯ ಅಡಿಯಿಂದ ಹೇಳಿ, ಸ್ಕ್ರೂ ಬಿಗಿದರು.